ಬ್ರಹ್ಮಾವರವೋ, ಕುಮಟಾವೋ? ಕರಾವಳಿಯಲ್ಲಿ ನಿವೃತ್ತರ ಮನೆ ಎಲ್ಲಿರಬೇಕು

ಪ್ರಶ್ನೆ: ನನಗೆ 61, ಹೆಂಡತಿಗೆ 57. ಕಳೆದ ವರ್ಷ ಬ್ಯಾಂಕಿನಿಂದ ನಿವೃತ್ತನಾದೆ. ಊರು ತುಮಕೂರು ಕಡೆ. 30 ವರ್ಷ ಇದ್ದದ್ದು ಬೆಂಗಳೂರಿನ ವಿಜಯನಗರದಲ್ಲಿ. ಇನ್ನು ಮುಂದೆ ಸಮುದ್ರದ ಹತ್ತಿರ ಇರಬೇಕು ಅನ್ನುವುದು ಇಬ್ಬರದೂ ಆಸೆ. ಎರಡು ಜಾಗ ನೋಡಿದ್ದೇವೆ. ಒಂದು ಬ್ರಹ್ಮಾವರದ ಹತ್ತಿರ 10 ಸೆಂಟ್ಸ್. ಇನ್ನೊಂದು ಕುಮಟಾ ಹತ್ತಿರ, ಅಘನಾಶಿನಿ ನದಿ ಕಾಣುವ 10 ಗುಂಟೆ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ಜನವರಿಯಲ್ಲಿ ಹೋಗಿ ಬಂದಾಗಿನಿಂದ ಮನಸ್ಸೆಲ್ಲ ಕುಮಟಾದಲ್ಲೇ ಇದೆ. ನನಗೆ ಬಿಪಿ, ಶುಗರ್ ಇದೆ, ಎರಡು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ಹೆಂಡತಿಗೆ ಮಂಡಿನೋವು, ಕಾರು ಓಡಿಸಲು ಬರುವುದಿಲ್ಲ. ಮಗಳು ಬೆಂಗಳೂರಿನಲ್ಲಿ, ಮಗ ಕೆನಡಾದಲ್ಲಿ. ಈ ತಿಂಗಳ ಕೊನೆಗೆ ಅಡ್ವಾನ್ಸ್ ಕೊಡಿ ಎಂದು ಕುಮಟಾದ ಬ್ರೋಕರ್ ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮನೆ ಬ್ರಹ್ಮಾವರದಲ್ಲಿ ಮಾಡಿ. ಕುಮಟಾಕ್ಕೆ ಪ್ರತಿ ಚಳಿಗಾಲ ಹೋಗಿ, ಎರಡು ಮೂರು ತಿಂಗಳು ಬಾಡಿಗೆಗೆ ಇದ್ದು ಬನ್ನಿ. ಅಡ್ವಾನ್ಸ್ ಮಾತ್ರ ಈ ತಿಂಗಳು ಎರಡು ಕಡೆಯೂ ಕೊಡಬೇಡಿ.

ಇದನ್ನು ಹೇಳುವುದು ನನಗೆ ಸುಲಭವಲ್ಲ. ನಾನು ಹುಟ್ಟಿ ಬೆಳೆದದ್ದು ಹೊನ್ನಾವರ ತಾಲೂಕಿನಲ್ಲಿ. ಈಗ ಉಡುಪಿಯಲ್ಲಿದ್ದೇನೆ. ನಿವೃತ್ತರಿಗೆ ಮನೆ, ಹಣ, ಉಯಿಲಿನ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ನಿಮ್ಮ ಮನಸ್ಸು ಅಘನಾಶಿನಿಯಲ್ಲಿ ಯಾಕೆ ಸಿಕ್ಕಿಕೊಂಡಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಜನವರಿಯ ಬೆಳಿಗ್ಗೆ, ಇಳಿತದ ಹೊತ್ತಿಗೆ ನದಿ ಬಾಯಿಯ ಕಡೆ ಹೋದರೆ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಕಾಲಿನಲ್ಲೇ ತಡಕಿ, ಕೈ ಹಾಕಿ ಎತ್ತಿ, ಪಕ್ಕದಲ್ಲಿ ತೇಲುವ ಬುಟ್ಟಿಗೆ ಹಾಕುತ್ತಾರೆ. ಹಿಂದೆ ಮಂಜು, ಅದರ ಹಿಂದೆ ಗುಡ್ಡ. ಅಣೆಕಟ್ಟು ಇಲ್ಲದೆ ಹುಟ್ಟಿನಿಂದ ಕಡಲಿನವರೆಗೆ ಹರಿಯುವ ನದಿಗಳು ನಮ್ಮಲ್ಲಿ ಎಷ್ಟಿವೆ ಹೇಳಿ? 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಅಂಥ ಜಾಗ ಕಣ್ಣೆದುರು ಇರುವ ಮನೆ ಬೇಕು ಅನಿಸುವುದು ಸಹಜ.

ಆದರೆ ನೀವು ನೋಡಿದ್ದು ಜನವರಿ. ನಿಮ್ಮ ಮನೆಗೆ ಜುಲೈ ಕೂಡ ಬರುತ್ತದೆ.

2006ರ ಜುಲೈ ತಿಂಗಳು. ರಾತ್ರಿ ಹನ್ನೊಂದು ಗಂಟೆ ಸುಮಾರಿಗೆ ಅಪ್ಪನಿಗೆ ಎದೆ ಹಿಂಡಿದ ಹಾಗಾಯಿತು. ಊರಿನ ಡಾಕ್ಟರು ಟಾರ್ಚ್ ಹಿಡಿದು ಮಳೆಯಲ್ಲೇ ಬಂದರು. ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟು, ಇನ್ನೊಂದು ಅಗಿಯಲು ಕೊಟ್ಟು, 'ತಡ ಮಾಡಬೇಡಿ, ಮಣಿಪಾಲಕ್ಕೆ ಹೋಗಿ' ಅಂದರು. ಪಕ್ಕದ ಮನೆಯವರ ಕಾರು. ಆಗ ಹೆದ್ದಾರಿ ಈಗಿನ ಹಾಗೆ ಅಗಲವಾಗಿರಲಿಲ್ಲ. ಭಟ್ಕಳ ದಾಟಿದೆವು, ಬೈಂದೂರು ದಾಟಿದೆವು. ಮರವಂತೆ ಹತ್ತಿರ ಬಂದಾಗ ಅಲೆ ಕಲ್ಲಿಗೆ ಬಡಿದು ನೀರು ಕಾರಿನ ಗಾಜಿಗೆ ಸಿಡಿಯುತ್ತಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಅಪ್ಪನಿಗೆ ತುಂಬಾ ಇಷ್ಟದ ಜಾಗ ಅದು, ಯಾವಾಗ ಹೋದರೂ ಅಲ್ಲಿ ಕಾರು ನಿಲ್ಲಿಸಲು ಹೇಳುತ್ತಿದ್ದರು. ಆ ರಾತ್ರಿ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದಿದ್ದರು. ಆಸ್ಪತ್ರೆ ಮುಟ್ಟುವಾಗ, ನೋವು ಶುರುವಾಗಿ ಮೂರೂವರೆ ಗಂಟೆ ಆಗಿತ್ತು.

ಅಪ್ಪ ಬದುಕಿದರು. ಆಮೇಲೆ ಆರು ವರ್ಷ ನಮ್ಮ ಜೊತೆ ಇದ್ದರು. ಆದರೆ ಹೃದಯದ ಒಂದು ಭಾಗ ಆ ಮೂರೂವರೆ ಗಂಟೆಯಲ್ಲಿ ಸತ್ತುಹೋಗಿತ್ತು. ಮನೆಯಿಂದ ತೋಟಕ್ಕೆ ಇಳಿಯುವ ಇಪ್ಪತ್ತು ಮೆಟ್ಟಿಲು ಮತ್ತೆ ಅವರಿಗೆ ಹತ್ತಿ ಬರಲು ಆಗಲಿಲ್ಲ. ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತಿದ್ದರು.

ಈಗ ಲೆಕ್ಕಕ್ಕೆ ಬರೋಣ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡ ಹೊತ್ತಿನಿಂದ ಸ್ನಾಯು ಸಾಯಲು ಶುರುವಾಗುತ್ತದೆ. ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆಗೆ ನೇರವಾಗಿ ಹೋದರೆ 90 ನಿಮಿಷದ ಒಳಗೆ ನಾಳ ತೆರೆಯಬೇಕು ಅನ್ನುವುದು ಡಾಕ್ಟರುಗಳ ಗುರಿ. ಬೇರೆ ಆಸ್ಪತ್ರೆಯಿಂದ ಕಳಿಸುವುದಾದರೆ 120 ನಿಮಿಷ. ಅಷ್ಟರಲ್ಲಿ ಆಗುವುದಿಲ್ಲ ಅಂತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸುತ್ತಾರೆ. ಮೆದುಳಿನ ಸ್ಟ್ರೋಕ್ ಆದರೆ ಅಂಥ ಇಂಜೆಕ್ಷನ್ನಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಸ್ಕ್ಯಾನ್ ಆಗಬೇಕಾದದ್ದೂ ಅದರೊಳಗೇ.

ಬ್ರಹ್ಮಾವರದಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ 15 ಕಿ.ಮೀ. ಆಸುಪಾಸು. ಎಂಥ ಮಳೆಯಲ್ಲೂ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಟ್ಟುತ್ತೀರಿ. ಅಲ್ಲಿ ಹಾಸಿಗೆ ಸಿಗದಿದ್ದರೆ ಉಡುಪಿಯಲ್ಲಿ ಬೇರೆ ಆಸ್ಪತ್ರೆಗಳಿವೆ. ದೊಡ್ಡ ಕಾಯಿಲೆಗೆ ಮಂಗಳೂರಿದೆ. ಅಲ್ಲಿ ಫಾದರ್ ಮುಲ್ಲರ್, ಕೆಎಂಸಿ, ಎ.ಜೆ., ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಸರ್ಕಾರಿ ವೆನ್ಲಾಕ್ ಇವೆ. ಸಣ್ಣ ಪಟ್ಟಿಯೇನಲ್ಲ ಇದು.

ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿ.ಮೀ. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಸುಮಾರು 70 ಕಿ.ಮೀ. ಆದರೆ ಆ ದಾರಿ ಅಂಕೋಲಾ ತಾಲೂಕಿನ ಶಿರೂರಿನ ಮೇಲೆ ಹೋಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು, ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅಲ್ಲಿದ್ದ ಜನ, ಲಾರಿ ಎಲ್ಲವೂ ಗಂಗಾವಳಿ ನದಿಗೆ ಹೋದ ಶಿರೂರು ಅದೇ. ಆ ರಸ್ತೆ ದಿನಗಟ್ಟಲೆ ಬಂದ್ ಇತ್ತು. ದಕ್ಷಿಣಕ್ಕೆ, ಬೈಂದೂರು ತಾಲೂಕಿನಲ್ಲಿ, ಇನ್ನೊಂದು ಶಿರೂರು ಇದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಬರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಟೋಲ್ ಗೇಟಿಗೆ ಬಡಿದು ನಾಲ್ಕು ಜನ ಸತ್ತದ್ದು ಅಲ್ಲಿ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅನ್ನುವ ಕೂಗು ಹಳೆಯದು. ಆ ವರ್ಷ ಆಸ್ಪತ್ರೆ ಇಲ್ಲದಿದ್ದರೆ ಓಟೂ ಇಲ್ಲ ಅನ್ನುವವರೆಗೆ ಹೋಯಿತು. ನಮ್ಮ ಜಿಲ್ಲೆಯ ಜನ ಇದನ್ನು ಸುಮ್ನೆ ಕೇಳುತ್ತಿಲ್ಲ. ಪ್ರತಿ ಊರಿನಲ್ಲೂ ದಾರಿಯಲ್ಲೇ ಹೋದವರೊಬ್ಬರ ಕಥೆ ಇದೆ.

ಹಾಗಂತ ಅಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಕುಮಟಾ, ಹೊನ್ನಾವರದಲ್ಲಿ ತಾಲೂಕು ಆಸ್ಪತ್ರೆ ಇದೆ, ಒಳ್ಳೆಯ ಖಾಸಗಿ ಡಾಕ್ಟರುಗಳಿದ್ದಾರೆ. 108 ಬರುತ್ತದೆ, ಹೆದ್ದಾರಿಯೂ ಈಗ ಅಗಲವಾಗಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನೀವು ಚಳಿಗಾಲಕ್ಕೆ ಅಲ್ಲಿ ಹೋಗಿ ಇರುವಾಗ ಮಾಡಬೇಕಾದ ಮೊದಲ ಕೆಲಸ ಇದು: ಹತ್ತಿರದ ಯಾವ ಆಸ್ಪತ್ರೆಯಲ್ಲಿ, ರಾತ್ರಿಯೂ ಆ ಇಂಜೆಕ್ಷನ್ ಸಿಗುತ್ತದೆ ಎಂದು ನೀವೇ ಹೋಗಿ ಕೇಳಿಕೊಂಡು ಬನ್ನಿ. ಸ್ಟೆಂಟ್ ಹಾಕಿದ ಕಾಗದಗಳ ಒಂದು ಪ್ರತಿ ಕಾರಿನಲ್ಲೇ ಇರಲಿ.

ಇನ್ನು ಇದಕ್ಕಿಂತ ದೊಡ್ಡ ವಿಷಯ. ನಿಮ್ಮ ಆಸೆಯ ತುಂಬ 'ನಾವಿಬ್ಬರು' ಅಂತಲೇ ಇದೆ. ಇಬ್ಬರೂ ಸೇರಿ ವಾಕಿಂಗ್, ಇಬ್ಬರೂ ಸೇರಿ ನದಿ ನೋಡುವುದು. ನಾನು ನಿವೃತ್ತ ದಂಪತಿಗಳಿಗೆ ಯಾವಾಗಲೂ ಒಂದು ಮಾತು ಕೇಳುತ್ತೇನೆ, ನಿಮಗೂ ಕೇಳುತ್ತೇನೆ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಉಳಿದವರು ಆ ಮನೆಯಲ್ಲಿ ಎಂಥ ಬದುಕು ಬದುಕುತ್ತಾರೆ? ನಿಮಗಿಂತ ನಾಲ್ಕು ವರ್ಷ ಚಿಕ್ಕವರು, ಮಂಡಿನೋವು ಇರುವವರು, ಕಾರು ಓಡಿಸಲು ಬಾರದವರು ನಿಮ್ಮ ಹೆಂಡತಿ. ಅವರಿಗೆ 76 ಆದಾಗ, ಆಗಸ್ಟ್ ತಿಂಗಳ ಒಂದು ಮಂಗಳವಾರ, ಬಿಪಿ ಮಾತ್ರೆ ಮುಗಿದಿದೆ. ಹಾಲು ಬೇಕು. ಕರೆಂಟ್ ಹೋಗಿ ಆರು ಗಂಟೆಯಾಗಿದೆ. ನದಿ ಕಾಣುವ ಆ 10 ಗುಂಟೆಯಿಂದ ಅವರು ಯಾರನ್ನು ಕರೆಯುತ್ತಾರೆ?

ಜಾಗ ಆರಿಸುವಾಗ ನನ್ನ ಮಟ್ಟಿಗೆ ಈ ಒಂದು ಪ್ರಶ್ನೆಯ ಮುಂದೆ ಉಳಿದದ್ದೆಲ್ಲ ಚಿಲ್ಲರೆ. ಉತ್ತರ ನೀವು ಹೇಳಬೇಡಿ, ಅವರ ಹತ್ತಿರ ಹೇಳಿಸಿ. ಎಷ್ಟೋ ಸಲ ಹೆಂಡತಿ ಮನಸ್ಸಿನಲ್ಲಿ ಇದನ್ನು ಯೋಚಿಸಿರುತ್ತಾರೆ, ಗಂಡನ ಉತ್ಸಾಹ ನೋಡಿ ಬಾಯಿ ಬಿಡುವುದಿಲ್ಲ.

ಬ್ರಹ್ಮಾವರದಲ್ಲಿ ಈ ಪ್ರಶ್ನೆಗೆ ಉತ್ತರ ಸ್ವಲ್ಪ ಸಲೀಸು. ಪೇಟೆ ಇದೆ, ಮೆಡಿಕಲ್ ಶಾಪ್ ಇದೆ, ಉಡುಪಿ–ಕುಂದಾಪುರ ನಡುವೆ ಬೆಳಗಿನಿಂದ ರಾತ್ರಿವರೆಗೆ ಬಸ್ಸು ಓಡುತ್ತಲೇ ಇರುತ್ತವೆ. ಹೆಚ್ಚಿನವು ಖಾಸಗಿ ಬಸ್ಸು. ಹಾಗಾಗಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಅವುಗಳಲ್ಲಿ ನಡೆಯುವುದಿಲ್ಲ. ಕುಮಟಾ ಕಡೆ ಸರ್ಕಾರಿ ಬಸ್ಸೇ ಜಾಸ್ತಿ, ಅಲ್ಲಿ ನಡೆಯುತ್ತದೆ. ಆದರೆ ಉಚಿತ ಬಸ್ಸು ಒಂದು ಗಂಟೆ ಕಾದರೆ ಬರುವುದಕ್ಕೂ, ದುಡ್ಡು ಕೊಟ್ಟು ಹತ್ತುವ ಬಸ್ಸು ಹತ್ತು ನಿಮಿಷಕ್ಕೆ ಬರುವುದಕ್ಕೂ ಮಂಡಿನೋವಿನವರಿಗೆ ಬಹಳ ವ್ಯತ್ಯಾಸ ಇದೆ. ಮನೆಗೆ ಬಂದು ನೋಡಿಕೊಳ್ಳುವ ನರ್ಸುಗಳು, ಫಿಸಿಯೋಥೆರಪಿಯವರು ಕೂಡ ಉಡುಪಿ ಮಂಗಳೂರಿನ ಕಡೆ ಹುಡುಕಿದರೆ ಸಿಗುತ್ತಾರೆ, ಯಾಕೆಂದರೆ ಕಾಲೇಜುಗಳು ಇಲ್ಲೇ ಇವೆ.

ಮಗಳು ಬರಬೇಕಾದರೆ? ರೈಲಿನಲ್ಲಾದರೆ ಎರಡೂ ಊರು ಒಂದೇ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಉಡುಪಿ, ಕುಂದಾಪುರ, ಕುಮಟಾ ಎಲ್ಲ ಮುಟ್ಟಿಸುತ್ತದೆ. ತುರ್ತಿಗೆ ವಿಮಾನ ಹಿಡಿದರೆ ಮಾತ್ರ ಮಂಗಳೂರಿನ ಬಜಪೆ ನಿಲ್ದಾಣದಿಂದ ಉಡುಪಿ ಕಡೆಗೆ ಒಂದೂವರೆ ಗಂಟೆ. ಕುಮಟಾಕ್ಕೆ ಗೋವಾದಿಂದ ಬಂದರೂ ಹುಬ್ಬಳ್ಳಿಯಿಂದ ಬಂದರೂ ಮೂರು ಗಂಟೆ ಆಸುಪಾಸು ಬೇಕು.

ಬೆಲೆಯ ವಿಷಯಕ್ಕೆ ಬರುತ್ತೇನೆ. ಒಂದೇ ಬೆಲೆಗೆ ಕುಮಟಾದಲ್ಲಿ ಜಾಗ ಎಷ್ಟು ಜಾಸ್ತಿ ಸಿಗುತ್ತಿದೆ ಅನ್ನುವುದು ನಿಮಗೆ ಪೂರ್ತಿ ಗೊತ್ತಾಗಿದೆಯೋ ಇಲ್ಲವೋ. ಉಡುಪಿ, ದಕ್ಷಿಣ ಕನ್ನಡದಲ್ಲಿ ಸೆಂಟ್ಸ್ ಲೆಕ್ಕ, 100 ಸೆಂಟ್ಸಿಗೆ ಒಂದು ಎಕರೆ. ಉತ್ತರ ಕನ್ನಡದಲ್ಲಿ ಗುಂಟೆ ಲೆಕ್ಕ, 40 ಗುಂಟೆಗೆ ಎಕರೆ. ಹಿಂದೆ ಕೆನರಾ ಒಂದೇ ಜಿಲ್ಲೆಯಾಗಿತ್ತು. 1862ರಲ್ಲಿ ಉತ್ತರದ ಭಾಗ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಅಳತೆ, ಕಾಗದ, ಮಾತು ಎಲ್ಲದರಲ್ಲೂ ಆ ವ್ಯತ್ಯಾಸ ಇವತ್ತಿಗೂ ಇದೆ. 10 ಸೆಂಟ್ಸ್ ಅಂದರೆ 4,356 ಚದರ ಅಡಿ. 10 ಗುಂಟೆ ಅಂದರೆ 10,890 ಚದರ ಅಡಿ, ಅಂದರೆ 25 ಸೆಂಟ್ಸ್. ಎರಡೂವರೆ ಪಟ್ಟು.

ಕೇಳಲು ಲಾಭದ ಹಾಗೆ ಇದೆ ಅಲ್ವಾ? ಆದರೆ ಆ 10 ಗುಂಟೆ ನಿಮಗೆ ಭಾರ ಆಗುತ್ತದೆ. ಜೂನ್‌ನಲ್ಲಿ ಹುಲ್ಲು ಪಾದ ಮುಚ್ಚುವಷ್ಟಿದ್ದರೆ ಆಗಸ್ಟ್‌ನಲ್ಲಿ ಸೊಂಟಕ್ಕೆ ಬರುತ್ತದೆ. ಕಡಿಸಲು ಜನ ಬೇಕು. ತೆಂಗಿನಮರ ಇದ್ದರೆ ಹತ್ತುವವರು ಬೇಕು, ಅವರನ್ನು ವಾರಗಟ್ಟಲೆ ಕಾಯಬೇಕು. ಬೇಲಿ, ಹಾವು, ದನ ಎಲ್ಲ ನೋಡಿಕೊಳ್ಳಬೇಕು. ತೋಟದ ಕೆಲಸ ಗೊತ್ತಿದ್ದವರಿಗೆ ಇದೆಲ್ಲ ಖುಷಿ. 30 ವರ್ಷ ಬ್ಯಾಂಕಿನಲ್ಲಿ ಕೂತವರಿಗೆ ಮೊದಲ ವರ್ಷ ಖುಷಿ, ಐದನೇ ವರ್ಷ ಸಾಕಪ್ಪಾ ಅನಿಸುತ್ತದೆ. ನಾಲ್ಕು ತೆಂಗು, ಒಂದು ಮಾವು, ಬಸಳೆ ಚಪ್ಪರ, ಹೆಂಡತಿಯ ಮಲ್ಲಿಗೆ ಗಿಡ, ಇಷ್ಟಕ್ಕೆ 10 ಸೆಂಟ್ಸ್ ಧಾರಾಳ ಸಾಕು.

ಕಾಗದ ಪತ್ರದಲ್ಲಿ ಎರಡು ಕಡೆಗೂ ಅದರದೇ ಆದ ತೊಡಕು ಇದೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ತೆಗೆದುಕೊಳ್ಳಬಹುದು. ಬ್ರೋಕರುಗಳು ಇದನ್ನು ಮಾತ್ರ ಹೇಳುತ್ತಾರೆ. ಮನೆ ಕಟ್ಟಲು ಭೂ ಪರಿವರ್ತನೆ ಆಗಿರಬೇಕು ಅನ್ನುವುದನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ. ಅದಾಗಿ ಪಂಚಾಯಿತಿಯ 9, 11 ನಮೂನೆ (ಆಸ್ತಿ ದಾಖಲೆ) ಸಿಕ್ಕಿದೆಯಾ ನೋಡಿ. ಉಡುಪಿ ಕಡೆ 'ಕುಮ್ಕಿ' ಎಂಬ ಮಾತು ಕೇಳಿದರೆ ಎಚ್ಚರವಾಗಿರಿ. ವರ್ಗ (ಪಟ್ಟಾ) ಜಮೀನಿನ ಸುತ್ತ ಸೊಪ್ಪು, ಕಟ್ಟಿಗೆಗೆ ಅನುಭವಿಸಿಕೊಂಡು ಬಂದ ಸರ್ಕಾರಿ ಜಾಗ ಅದು, ಮಾಲೀಕತ್ವ ಇಲ್ಲ. ಬೇಲಿ ಒಳಗಿದೆ ಅಂತ ಅದನ್ನೂ ಸೇರಿಸಿ ತೋರಿಸಿರುತ್ತಾರೆ. ಹಳೇ ಪೇಟೆಗಳಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಜಾಗವೂ ಇರುತ್ತದೆ, ಅದಕ್ಕೆ ವಕೀಲರು ಬೇಕೇ ಬೇಕು. ಕುಮಟಾ ಕಡೆ ಇದೇ ರೀತಿ 'ಬೆಟ್ಟ' ಇದೆ. ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಜಾಗ, ಮಾರುವಂಥದ್ದಲ್ಲ. ಉತ್ತರ ಕನ್ನಡದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಅರಣ್ಯ. ಹಾಗಾಗಿ ಪಹಣಿಯ ಜೊತೆಗೆ ಸರ್ವೆ ನಕ್ಷೆ ಇಟ್ಟುಕೊಂಡು, ಸರ್ವೆಯರ್ ಕರೆಸಿ, ಕಲ್ಲು ಹಾಕಿಸಿಯೇ ಮುಂದೆ ಹೋಗಬೇಕು.

'ನದಿ ಕಾಣುವ ಜಾಗ' ಅನ್ನುವ ನಿಮ್ಮ ಮಾತು ನನಗೆ ಇನ್ನೊಂದು ಚಿಂತೆ ತಂದಿತು. ಎಷ್ಟು ಹತ್ತಿರದಿಂದ ಕಾಣುತ್ತದೆ? 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ, ಹಳ್ಳಿ ಕಡೆ ಜನ ವಿರಳವಾಗಿರುವಲ್ಲಿ, ಸಮುದ್ರದ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಚದರ ಕಿ.ಮೀ.ಗೆ 2,161ಕ್ಕಿಂತ ಜಾಸ್ತಿ ಜನ ಇರುವಲ್ಲಿ ಅದು 50 ಮೀಟರ್. ಉಪ್ಪು ನೀರು ಏರಿ ಬರುವ ನದಿ ದಡಕ್ಕೂ ಇಂಥ ನಿಯಮ ಅನ್ವಯ ಆಗುತ್ತದೆ, ಮತ್ತು ಅಘನಾಶಿನಿಯಲ್ಲಿ ಉಬ್ಬರ ಬಹಳ ಮೇಲಿನವರೆಗೆ ಬರುತ್ತದೆ. ಪಕ್ಕದಲ್ಲಿ ಹಳೇ ಮನೆ ಇದೆ, ಹಾಗಾಗಿ ನಿಮಗೂ ಆಗುತ್ತದೆ ಅನ್ನುವ ಮಾತು ನಂಬಬೇಡಿ. ಇದೇ ಪ್ರಶ್ನೆ ಬ್ರಹ್ಮಾವರದಲ್ಲೂ ಕೇಳಿ. ಅಲ್ಲಿ ಸ್ವರ್ಣಾ, ಸೀತಾ ಎರಡೂ ನದಿ ಹತ್ತಿರ, ತಗ್ಗಿನ ಗದ್ದೆ ತುಂಬಿಸಿ ಸೈಟು ಮಾಡಿದ್ದು ಬೇಕಾದಷ್ಟಿದೆ. ನೆರೆ ಬಂದಾಗ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ಬರುತ್ತದೆ. ನೀವು ನೋಡಿದ 10 ಸೆಂಟ್ಸ್ ಹಿಂದೆ ಗದ್ದೆಯಾಗಿತ್ತಾ ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಬ್ರೋಕರಿಗೆ ಗೊತ್ತಿರುವುದಿಲ್ಲ.

ಗುಡ್ಡ ಕಡಿದು ಮಾಡಿದ ಸೈಟು ಮಾತ್ರ ಎಲ್ಲೇ ಇರಲಿ, ಬೇಡ. ಹಿಂದೆ ಮಣ್ಣಿನ ಗೋಡೆ ಲಂಬವಾಗಿ ನಿಂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮಳೆ ಬಗ್ಗೆ ಹೇಳಲೇಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು 1,000 ಮಿ.ಮೀ. ಆಸುಪಾಸು. ಕರಾವಳಿಯಲ್ಲಿ 3,000 ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇದರಲ್ಲಿ ಎರಡು ಊರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಜನ ಮಳೆ ಅಂದರೆ ಕೊಡೆ ಅಂದುಕೊಳ್ಳುತ್ತಾರೆ. ವಯಸ್ಸಾದವರಿಗೆ ಮಳೆ ಅಂದರೆ ಪಾಚಿ. ಜೂನ್ ಮೂರನೇ ವಾರದ ಹೊತ್ತಿಗೆ ಅಂಗಳದ ಮೇಲೆ ತೆಳುವಾಗಿ ಹಸಿರು ಹತ್ತುತ್ತದೆ. ದೂರದಿಂದ ಕಾಣುವುದೇ ಇಲ್ಲ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೊರಗೆ ಕಾಲಿಟ್ಟರೆ ಬೆಣ್ಣೆ ಮೇಲೆ ಇಟ್ಟ ಹಾಗೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಸೊಂಟದ ಮೂಳೆ ಮುರಿದುಕೊಂಡವರು ಹೆಚ್ಚಿನವರು ಬಿದ್ದದ್ದು ಬಚ್ಚಲಲ್ಲಿ, ಇಲ್ಲವೇ ಈ ಪಾಚಿಯ ಮೇಲೆ. ನಮ್ಮ ಹಿರಿಯರು ಮಳೆಗಾಲ ಬರುವ ಮೊದಲೇ ನಡೆಯುವ ದಾರಿಗೆ ತೆಂಗಿನ ಮಡಲು ಅಥವಾ ಅಡಿಕೆ ದಬ್ಬೆ ಹಾಸುತ್ತಿದ್ದರು. ಈಗಿನವರು ಚಂದಕ್ಕೆ ನುಣ್ಣನೆಯ ಟೈಲ್ಸ್ ಹಾಕಿಸುತ್ತಾರೆ, ಆಮೇಲೆ ಅಳುತ್ತಾರೆ. ನೀವು ಮನೆ ಕಟ್ಟುವಾಗ ಅಂಗಳಕ್ಕೆ ಒರಟು ಕಲ್ಲು ಹಾಕಿಸಿ. ಗೇಟಿನಿಂದ ಬಾಗಿಲಿನವರೆಗೆ ಮಾಡು (ಚಾವಣಿ) ಇರಲಿ. ಮೆಟ್ಟಿಲಿಗೆ ಎರಡೂ ಕಡೆ ಕೈ ಹಿಡಿಕೆ ಇರಲಿ, ಮಲಗುವ ಕೋಣೆ ನೆಲಮಹಡಿಯಲ್ಲೇ ಇರಲಿ. ಮಂಡಿನೋವಿನವರು ಮಹಡಿ ಮೇಲೆ ಮಲಗಲು ಹೋಗುವುದಿಲ್ಲ, ಮಹಡಿ ಸುಮ್ನೆ ಖರ್ಚು.

ಬೂಸ್ಟು ಇನ್ನೊಂದು. ಜುಲೈಯಲ್ಲಿ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆ, ಪುಸ್ತಕ, ಸರ್ಟಿಫಿಕೇಟ್ ಎಲ್ಲದಕ್ಕೂ ಬೂಸ್ಟು. ಇಲ್ಲಿಯವರು ಕಪಾಟಿನ ಒಳಗೆ ಒಂದು ಸಣ್ಣ ಬಲ್ಬು ಉರಿಸಿ ಇಡುತ್ತಾರೆ, ಬೆಚ್ಚಗಿರಲಿ ಎಂದು. ನೀವೂ ಅದನ್ನೇ ಮಾಡುತ್ತೀರಿ. ಸಮುದ್ರಕ್ಕೆ ಹತ್ತಿರ ಹೋದಷ್ಟೂ ಕಬ್ಬಿಣ ತುಕ್ಕು ಹಿಡಿಯುವುದು ಜಾಸ್ತಿ. ಎರಡು ಮೂರು ಕಿ.ಮೀ. ಒಳಗಿದ್ದರೆ ಗ್ರಿಲ್, ಫ್ರಿಜ್, ಎಸಿ ಎಲ್ಲ ಬದುಕಿಕೊಳ್ಳುತ್ತವೆ. ಸಂಜೆ ಬೇಕಾದರೆ ಆಟೋ ಹಿಡಿದು ಬೀಚಿಗೆ ಹೋಗಿ ಬರಬಹುದು.

ಇಷ್ಟು ಮಳೆ ಬಿದ್ದರೂ ಬೇಸಿಗೆಯಲ್ಲಿ ನೀರಿಗೆ ಒದ್ದಾಟ ಇದೆ, ಇದು ಹೊರಗಿನವರಿಗೆ ನಂಬಿಕೆಯೇ ಬರುವುದಿಲ್ಲ. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟು ಬತ್ತಿ ಜನ ಟ್ಯಾಂಕರಿಗೆ ಕಾದಿದ್ದರು. ಮನೆಗೆ ಸ್ವಂತ ಬಾವಿ ಇರಬೇಕು, ಅದರ ನೀರನ್ನು ಏಪ್ರಿಲ್ ಕೊನೆಯಲ್ಲಿ ಕುಡಿದು ನೋಡಬೇಕು. ನದಿ ಬಾಯಿಯ ಹತ್ತಿರದ ಬಾವಿಗಳು ಡಿಸೆಂಬರಿನಲ್ಲಿ ಸಿಹಿ ಇದ್ದು ಏಪ್ರಿಲ್‌ನಲ್ಲಿ ಉಪ್ಪಾಗುತ್ತವೆ. ನಿಮಗೆ ಬಿಪಿ ಇದೆ, ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿರುತ್ತಾರೆ. ಬಾವಿಯೇ ಉಪ್ಪು ಕೊಟ್ಟರೆ ಏನು ಮಾಡುವುದು? ಜನವರಿಯಲ್ಲಿ ನೀವು ಕುಡಿದ ಆ ಎಳನೀರಿನಂಥ ನೀರು ಏಪ್ರಿಲ್‌ನಲ್ಲೂ ಹಾಗೇ ಇದೆಯಾ ಎಂದು ಯಾರಾದರೂ ಪರೀಕ್ಷೆ ಮಾಡಿಸಿ ಕಾಗದ ತೋರಿಸಿದರೆ ಮಾತ್ರ ನಂಬಿ.

ಮಾರ್ಚ್‌ನಿಂದ ಮೇವರೆಗಿನ ಸೆಕೆ ಬೆಂಗಳೂರಿನ ಮೈಗೆ ಕಷ್ಟ. ಫ್ಯಾನಿನ ಕೆಳಗೆ ಕೂತರೂ ಬೆವರು. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆವರೂ ಸೇರಿ ತಲೆ ತಿರುಗಬಹುದು. ಊರು ಬದಲಿಸುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಈ ವಿಷಯ ಮಾತಾಡಿ.

ಭಾಷೆ, ಜನ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂಗಳೂರಿನಿಂದ ಉಡುಪಿವರೆಗೆ ಮನೆಯೊಳಗೆ, ಅಂಗಡಿಯಲ್ಲಿ ತುಳು ಕೇಳುತ್ತೀರಿ. ಬ್ರಹ್ಮಾವರ, ಬಾರ್ಕೂರು ದಾಟುತ್ತ ಕುಂದಗನ್ನಡ ಶುರುವಾಗುತ್ತದೆ. 'ಹ್ವಾಯ್' ಎಂದು ಕರೆದರೆ ಬೈದರು ಅಂದುಕೊಳ್ಳಬೇಡಿ, ಪ್ರೀತಿಯಲ್ಲೇ ಕರೆಯುತ್ತಾರೆ. ಕುಮಟಾ ಕಡೆ ಕನ್ನಡ, ಹವ್ಯಕ ಕನ್ನಡ, ಕೊಂಕಣಿ. ಮನೆ ಮೆಟ್ಟಿಲು ಹತ್ತಿದ ತಕ್ಷಣ 'ಆಸ್ರಿಗೆ (ಕುಡಿಯಲು) ಏನು ಬೇಕು' ಎಂದು ಕೇಳದೆ ಬಿಡುವುದಿಲ್ಲ. ನಿಮಗೆ ಮಾತಿನ ಮಟ್ಟಿಗೆ ಕುಮಟಾ ಬೇಗ ಒಗ್ಗುತ್ತದೆ, ಅದನ್ನು ಒಪ್ಪುತ್ತೇನೆ. ಯಕ್ಷಗಾನ ಎರಡು ಕಡೆಯೂ ಇದೆ. ನವೆಂಬರ್‌ನಿಂದ ಮೇವರೆಗೆ ರಾತ್ರಿ ಆಟಕ್ಕೆ ಹೋಗಿ ಕೂತರೆ ಒಂದೇ ವರ್ಷದಲ್ಲಿ ಅರ್ಧ ಊರಿನ ಪರಿಚಯ ಆಗುತ್ತದೆ. ತುಮಕೂರಿನ ಮುದ್ದೆ ಮಾತ್ರ ನೀವೇ ಮಾಡಿಕೊಳ್ಳಬೇಕು, ಇಲ್ಲಿ ಕುಚ್ಚಲಕ್ಕಿ ಗಂಜಿ. ಶುಗರ್ ಇರುವವರಿಗೆ ಗಂಜಿ ಎಷ್ಟು ಅನ್ನುವುದರ ಮೇಲೆ ಕಣ್ಣಿರಲಿ.

ನಾನು ಯಾರಿಗೂ ಕುಮಟಾ ಹೇಳುವುದಿಲ್ಲ ಅಂದುಕೊಳ್ಳಬೇಡಿ. ಕಳೆದ ವರ್ಷವೇ ಒಬ್ಬ ಮೇಷ್ಟರಿಗೆ ಹೇಳಿದ್ದೇನೆ. ಅವರ ಅಣ್ಣ ತಮ್ಮಂದಿರ ಮನೆ ಅದೇ ಕೇರಿಯಲ್ಲಿದೆ, ಇಬ್ಬರಿಗೂ ಹೃದಯದ ತೊಂದರೆ ಇಲ್ಲ, ಹೆಂಡತಿ ಸ್ಕೂಟರ್ ಓಡಿಸುತ್ತಾರೆ. ರಾತ್ರಿ ಕರೆದರೆ ಓಡಿ ಬರಲು ನಾಲ್ಕು ಮನೆ ಇದೆ. ಅಂಥವರಿಗೆ ಅಲ್ಲಿನ ಬದುಕು ಬೇರೆಲ್ಲೂ ಸಿಗುವುದಿಲ್ಲ. ನಿಮಗೆ ಅಲ್ಲಿ ಒಬ್ಬರೂ ನೆಂಟರಿಲ್ಲ, ಸ್ಟೆಂಟ್ ಇದೆ. ಜಿಲ್ಲೆಗೆ ಕೇಳುತ್ತಿರುವ ಆಸ್ಪತ್ರೆ ಬಂದು, ನಿಂತು, ರಾತ್ರಿ ಪಾಳಿಗೆ ಹೃದಯದ ಡಾಕ್ಟರು ಇರುತ್ತಾರೆ ಅನ್ನುವ ದಿನ ಬಂದರೆ ನನ್ನ ಸಲಹೆ ಬದಲಾಗುತ್ತದೆ. ಆ ದಿನ ಬೇಗ ಬರಲಿ ಎಂದು ನನಗೆ ನಿಮಗಿಂತ ಜಾಸ್ತಿ ಆಸೆ ಇದೆ.

ಈಗ ಮಾಡಬೇಕಾದ್ದು. ಬೆಂಗಳೂರಿನ ಮನೆ ಮಾರಬೇಡಿ, ಎರಡು ವರ್ಷ ಬಾಡಿಗೆಗೆ ಕೊಡಿ. ಬ್ರಹ್ಮಾವರ ಅಥವಾ ಉಡುಪಿ ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಇದ್ದು ನೋಡಿ. ನಡುವೆ ಬೆಂಗಳೂರಿಗೆ ಓಡಿ ಹೋಗಬೇಡಿ, ಪೂರ್ತಿ ಮಳೆ ನೋಡಿ. ಆ ನಾಲ್ಕು ತಿಂಗಳಲ್ಲಿ ನಿಮ್ಮ ಬ್ಯಾಂಕಿನ ನಿವೃತ್ತರ ವಿಮೆ ಇಲ್ಲಿನ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಆಗುತ್ತದೆ ಎಂದು ಖಚಿತ ಮಾಡಿಕೊಳ್ಳಿ, ಒಬ್ಬ ಹೃದಯದ ಡಾಕ್ಟರ ಹತ್ತಿರ ಫೈಲು ಮಾಡಿಸಿ. ಹೆಂಡತಿ ಒಬ್ಬರೇ ಬಸ್ಸು ಹತ್ತಿ ಹೋಗಿ, ಮಾತ್ರೆ, ತರಕಾರಿ ತಂದು, ಬ್ಯಾಂಕ್ ಕೆಲಸ ಮುಗಿಸಿ ಬರಲಿ. ವಾರಕ್ಕೆರಡು ಸಲ, ಮಳೆಯಲ್ಲೇ. ಅಕ್ಟೋಬರ್ ಬಂದ ಮೇಲೆ ಕುಮಟಾಕ್ಕೆ ಹೋಗಿ ಚಳಿಗಾಲ ಕಳೆಯಿರಿ. ಅದಾದ ಮೇಲೂ ಬ್ರಹ್ಮಾವರ ಸರಿ ಅನಿಸಿದರೆ ಏಪ್ರಿಲ್‌ನಲ್ಲಿ ಬಾವಿ ನೋಡಿ, ಜಾಗ ತೆಗೆದುಕೊಳ್ಳಿ. ಇಬ್ಬರ ಹೆಸರಿನಲ್ಲೂ ನೋಂದಣಿ ಆಗಲಿ, ಉಯಿಲು ಆ ತಿಂಗಳೇ ಬರೆಯಿರಿ. ಮಗ ಕೆನಡಾದಲ್ಲಿ ಇರುವಾಗ ಆಮೇಲೆ ಸಹಿಗೆ ಓಡಾಡುವ ಕಷ್ಟ ನಿಮ್ಮ ಹೆಂಡತಿಗೆ ಬರಬಾರದು.

ಕುಮಟಾದ ಬ್ರೋಕರಿಗೆ ಇವತ್ತೇ ಫೋನ್ ಮಾಡಿ, ಮಳೆಗಾಲ ಮುಗಿದ ಮೇಲೆ ಮಾತಾಡುತ್ತೇವೆ ಎಂದು ಹೇಳಿ. ಅಷ್ಟರಲ್ಲಿ ಆ ಜಾಗ ಬೇರೆಯವರಿಗೆ ಹೋದರೆ ಬೇಜಾರಾಗುತ್ತದೆ, ನನಗೆ ಗೊತ್ತು. ಈಗಾಗಲೇ ಏನಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಅದರ ಪ್ರತಿ, ಪಹಣಿ, ಸರ್ವೆ ನಕ್ಷೆ ಮೂರನ್ನೂ ನನಗೆ ಕಳಿಸಿ. ನೋಡಿ ಹೇಳುತ್ತೇನೆ.